ನಮ್ಮ ಮಾಲು ಮಾರುವವರ ತೃಪ್ತಿಯನ್ನು ಅಳೆಯುವುದು ಹೇಗೆ?

ಸಿದ್ದಾಪುರ ಎಂದೊಡನೆ ನಮ್ಮ ಸದಸ್ಯ ಬಾಂಧವರಲ್ಲಿ ಕಾಫಿಯವರಿಗೆ ಕೊಡಗಿನ ಸಿದ್ದಾಪುರ ನೆನಪಾಗುತ್ತದೆ. ಅಡಿಕೆಯವರಿಗೆ ಉತ್ತರ ಕನ್ನಡದ ಸಿದ್ದಾಪುರ. ನಾವು ಈ ಬಾರಿ ಹೇಳಹೊರಟಿರುವುದು ಇವೆರಡೂ ಅಲ್ಲದ ಇನ್ನೊಂದು ಸಿದ್ದಾಪುರದಿಂದ ಹುಟ್ಟಿದ ವಿಚಾರ. ಅದು ಇರುವುದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಚಳ್ಳಕೆರೆಯಿಂದ ಉತ್ತರಕ್ಕೆ. ಮಳೆ ಕಡಿಮೆಯ ಸೀಮೆ. ನೆಲಗಡಲೆಯ ಹೊಲ, ಬಂಡೆಗಲ್ಲಿನ ಗುಡ್ಡ. ನಮ್ಮ ಮಲೆನಾಡಿನಿಂದ ಹೋದವರಿಗೆ ಬಿಸಿಲೇ ಮೊದಲ ಮಾತನಾಡಿಸುತ್ತದೆ.

ಅಲ್ಲಿಗೆ ನಾವು ಹೋದದ್ದು ಒಂದು ಕಲ್ಲನ್ನು ನೋಡಲು. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಈ ಮೂರು ಸ್ಥಳಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. ಕ್ರಿ.ಪೂ. 3ನೆಯ ಶತಮಾನದ ಬರಹ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಓದಲು ನಮಗೆ ಬಾರದು. ಆದರೆ ತಿಳಿದವರು ಹೇಳಿದ ಅರ್ಥವನ್ನು ಕೇಳಿ ನಾವು ಅಲ್ಲಿಯೇ ಸ್ವಲ್ಪ ಹೊತ್ತು ನಿಂತೆವು. ಶಾಸನ ಆರಂಭವಾಗುವುದು ಅಪ್ಪಣೆಯಿಂದಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೆಂಬ ಅಧಿಕಾರಿಗಳೂ ದೂರದ ಇಸಿಲದಲ್ಲಿದ್ದ ಮಹಾಮಾತ್ರರ ಆರೋಗ್ಯವನ್ನು ಮೊದಲು ವಿಚಾರಿಸುತ್ತಾರೆ. ಆ ಮೇಲೆ ರಾಜನ ಮಾತು. ಆ ಮಾತಿನಲ್ಲೂ ಒಂದು ಸಂಗತಿ ಉಂಟು: ಒಳ್ಳೆಯದನ್ನು ಸಾಧಿಸುವುದು ದೊಡ್ಡವರಿಂದ ಮಾತ್ರ ಆಗುವ ಕೆಲಸವಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸಾಧ್ಯ ಎಂದು.

ದೂರದ ಊರಿನಲ್ಲಿ ನಮ್ಮ ಪರವಾಗಿ ಕೆಲಸ ಮಾಡುವವನನ್ನು ಮೊದಲು 'ಹೇಗಿದ್ದೀಯೆ' ಎಂದು ಕೇಳು, ಅನಂತರ ಹೇಳಬೇಕಾದ್ದನ್ನು ಹೇಳು. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ಪದ್ಧತಿಯನ್ನು ನಮ್ಮ ಸಹಕಾರ ಸಂಘಗಳು ಪಾಲಿಸುತ್ತಿವೆಯೇ? ಈ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಸೀರೆಯಂಗಡಿಯಲ್ಲಿ ಕೇಳಿದ ಮಾತು

ಅದೇ ದಿನ ಸಂಜೆ ಮೊಳಕಾಲ್ಮೂರು ಪೇಟೆಗೆ ಬಂದೆವು. ಅಲ್ಲಿನ ರೇಷ್ಮೆ ಸೀರೆಯ ಹೆಸರು ಎಲ್ಲರಿಗೂ ತಿಳಿದದ್ದೇ. ಒಂದು ಅಂಗಡಿಯಲ್ಲಿ ಕುಳಿತೆವು. ನಮ್ಮ ಮುಂದೆ ಒಂದು ಕುಟುಂಬದವರು ಸೀರೆ ನೋಡುತ್ತಿದ್ದರು. ಮಾರುವ ಹುಡುಗ ಒಂದಾದ ಮೇಲೊಂದು ಬಿಚ್ಚಿ ತೋರಿಸಿದ. ಕೊನೆಗೆ ಅವರು 'ನಾಳೆ ಬರುತ್ತೇವೆ' ಎಂದು ಎದ್ದು ಹೋದರು. ಅವನು ಸಿಟ್ಟಾಗಲಿಲ್ಲ. ಒಂದೊಂದನ್ನೇ ನೆರಿಗೆ ತಪ್ಪದಂತೆ ಮಡಚತೊಡಗಿದ. ದಿನಕ್ಕೆ ಎಷ್ಟು ಸೀರೆ ಮಾರುತ್ತೀಯಪ್ಪ ಎಂದು ನಾವು ಕೇಳಿದಾಗ ನಕ್ಕು ಹೇಳಿದ: "ಮಾರಿದ್ದು ಯಜಮಾನರ ಪುಸ್ತಕದಾಗೈತೆ ಸ್ವಾಮಿ. ಮಡಚಿದ್ದು ಯಾವ ಪುಸ್ತಕದಾಗೂ ಇಲ್ಲ."

ಮಾರಾಟದ ಕೆಲಸದ ಸ್ವಭಾವವೇ ಇದು. ತೋಟದ ಆಳು ಒಂದು ದಿನ ಕೊಯ್ದರೆ ಕೊಯ್ದ ಹಣ್ಣು ಕಣ್ಣೆದುರು ಬಿದ್ದಿರುತ್ತದೆ. ಮಾರುವವನು ದಿನವಿಡೀ ದುಡಿದೂ ಬರಿಗೈಯಲ್ಲಿ ಮನೆಗೆ ಹೋಗಬಹುದು. 'ಬೇಡ' ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳಿಯೂ ಹನ್ನೊಂದನೆಯವನ ಬಳಿಗೆ ನಗುಮುಖದಿಂದ ಹೋಗಬೇಕು. ಆದುದರಿಂದ ಅವನ ಮನಸ್ಸಿನ ಸ್ಥಿತಿಯನ್ನು ಮಾರಾಟದ ಅಂಕೆಯಿಂದ ಮಾತ್ರ ಊಹಿಸಲಾಗದು.

ಇದು ಬೆಳೆಗಾರರಿಗೆ ಏಕೆ ಸಂಬಂಧಿಸಿದ್ದು?

ಒಂದು ಕಾಲದಲ್ಲಿ ಕಾಫಿ ಬೆಳೆಗಾರನಿಗೆ ಮಾರಾಟದ ಚಿಂತೆಯೇ ಇರಲಿಲ್ಲ. 1942ರ ಕಾಫಿ ಕಾಯಿದೆಯ ಬಳಿಕ ಮಾಲನ್ನು ಪೂಲಿಗೆ ಕೊಡುವುದು, ಕಾಫಿ ಮಂಡಳಿ ಮಾರಿ ಕಂತುಕಂತಾಗಿ ಹಣ ಕೊಡುವುದು ಎಂಬ ಏರ್ಪಾಡಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಪೂರ್ತಿಯಾಗಿ ಹೋಯಿತು. ಅಂದಿನಿಂದ ಮಾರುವುದು ನಮ್ಮದೇ ಹೊಣೆ. ಅಡಿಕೆಯವರು ಈ ಹೊಣೆಯನ್ನು ಮೊದಲೇ ಹೊತ್ತವರು: ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ, ಶಿವಮೊಗ್ಗದ ಮ್ಯಾಮ್‌ಕೋಸ್ 1939ರಲ್ಲಿ, ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದವು. ದೊಡ್ಡ ಸಂಘವಿರಲಿ, ನಮ್ಮಂಥ ಸಣ್ಣ ಸಂಘವಿರಲಿ, ಎಲ್ಲದರ ಕೊನೆಯ ಕೊಂಡಿ ಮಾತ್ರ ಒಂದೇ. ಕೊಳ್ಳುವವನ ಎದುರು ನಿಂತು ನಮ್ಮ ಮಾದರಿಯನ್ನು ಅಂಗೈ ಮೇಲೆ ಹಿಡಿದು ತೋರಿಸುವ ಒಬ್ಬ ಮನುಷ್ಯ. ಉತ್ತರ ಭಾರತದ ವ್ಯಾಪಾರಿ ನಮ್ಮ ತೋಟವನ್ನು ಕಂಡವನಲ್ಲ, ನಮ್ಮ ಅಧ್ಯಕ್ಷರನ್ನೂ ಬಲ್ಲವನಲ್ಲ. ಅವನಿಗೆ ಸಂಘವೆಂದರೆ ಆ ಮಾರಾಟಗಾರನೇ.

ಇನ್ನೊಂದು ಚರಿತ್ರೆಯನ್ನೂ ಇಲ್ಲಿ ನೆನೆಯಬಹುದು. 1957ರಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ತಮ್ಮದೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಬೆಂಗಳೂರಿನಲ್ಲಿಯೂ ಹಾಗೆಯೇ ಆಯಿತು. ಅಲ್ಲಿ ಕಾಫಿ ತಂದಿಡುವವನೇ ಸಂಘದ ಸದಸ್ಯನೂ ಆದ. ಅವನಿಗೆ ದೂರು ಹೇಳಲು ಮಹಾಸಭೆ ಉಂಟು. ನಮ್ಮ ಬೆಳೆಗಾರರ ಸಂಘಗಳಲ್ಲಿ ಹಾಗಿಲ್ಲ. ಸದಸ್ಯರು ಬೆಳೆಗಾರರು, ಮಾರುವವರು ಸಂಬಳದ ನೌಕರರು. ಮಹಾಸಭೆಯಲ್ಲಿ ಅವರು ಕುರ್ಚಿ ಹಾಕುತ್ತಾರೆ, ವರದಿ ಹಂಚುತ್ತಾರೆ, ಮಾತನಾಡುವುದಿಲ್ಲ. ತಾವಾಗಿ ಹೇಳಲು ಜಾಗವಿಲ್ಲದವರನ್ನು ನಾವಾಗಿ ಕೇಳದಿದ್ದರೆ ಸಂಗತಿ ತಿಳಿಯುವುದು ಹೇಗೆ?

ತಿಳಿಯದೆ ಇದ್ದುದರ ಫಲವನ್ನು ನಾವು ಉಂಡಿದ್ದೇವೆ. ನಾವು ಬಲ್ಲ ಒಂದು ಸಂಘದಲ್ಲಿ ದೂರದ ಊರಿನ ಡಿಪೋದಲ್ಲಿ ಬಹುಕಾಲ ದುಡಿದ ಮಾರಾಟಗಾರರೊಬ್ಬರು ಒಂದು ದಿನ ರಾಜೀನಾಮೆ ಕಳುಹಿಸಿದರು. ಪುಸ್ತಕದಲ್ಲಿ ಅವರ ಮಾರಾಟ ಚೆನ್ನಾಗಿಯೇ ಇತ್ತು. ಸಂಬಳ ಸಾಲದೇ ಹೋಯಿತೇನೋ ಎಂದು ಆಡಳಿತ ಮಂಡಳಿ ಭಾವಿಸಿತು. ಅವರು ಹೇಳಿದ್ದೇ ಬೇರೆ: ಒಣಗು ಸಾಲದ ಮಾಲು ಬರುತ್ತಿದೆ, ವ್ಯಾಪಾರಿಗಳ ಎದುರು ತಲೆ ತಗ್ಗಿಸುವಂತಾಗಿದೆ ಎಂದು ಮೂರು ಸಲ ಕಾಗದ ಬರೆದೆ, ಒಂದಕ್ಕೂ ಉತ್ತರ ಬರಲಿಲ್ಲ. ಅವರು ಹೋದ ಮೇಲೆಯೇ ಇನ್ನೊಂದು ಸಂಗತಿ ಗೊತ್ತಾಯಿತು. ಯಾವ ವ್ಯಾಪಾರಿ ಹೇಳಿದ ದಿನಕ್ಕೆ ಹಣ ಕೊಡುವವನು, ಯಾರಿಗೆ ಉದ್ದರಿ ಕೊಡಬಾರದು, ಯಾರಿಗೆ ಯಾವ ದರ್ಜೆ ಬೇಕು ಎಂಬುದೆಲ್ಲ ಅವರ ತಲೆಯಲ್ಲಿತ್ತೇ ಹೊರತು ಸಂಘದ ಕಡತದಲ್ಲಿರಲಿಲ್ಲ. 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಎಂಬ ಗಾದೆ ನಮ್ಮ ಕಡೆ ಹುಟ್ಟಿದ್ದು ಸುಮ್ಮನೆ ಅಲ್ಲ.

ತೃಪ್ತಿಯನ್ನು ಅಳೆಯಲಾದೀತೇ?

ಮನಸ್ಸನ್ನು ಅಳೆಯಲು ಕೊಳಗವುಂಟೇ ಎಂದು ಕೆಲವರು ನಗಬಹುದು. ಆದರೆ ಈ ಕೆಲಸ ಹೊಸದೇನಲ್ಲ. ಅಮೆರಿಕದ ರಾಬರ್ಟ್ ಹಾಪಕ್ ಎಂಬವರು ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಎಂಬ ಸಣ್ಣ ಊರಿನಲ್ಲಿ ದುಡಿಯುವ ಜನರನ್ನು ವಿಚಾರಿಸಿ 1935ರಲ್ಲಿ ಕೆಲಸದ ತೃಪ್ತಿಯ ಬಗ್ಗೆ ಪುಸ್ತಕ ಪ್ರಕಟಿಸಿದರು. ಅದಕ್ಕೂ ಮೊದಲು, 1932ರಲ್ಲಿ, ರೆನ್ಸಿಸ್ ಲಿಕರ್ಟ್ ಎಂಬವರು ಒಂದು ಸರಳ ಉಪಾಯವನ್ನು ಸೂಚಿಸಿದ್ದರು: ಒಂದು ವಾಕ್ಯವನ್ನು ಮುಂದಿಟ್ಟು 'ಪೂರ್ಣ ಒಪ್ಪುತ್ತೇನೆ' ಎಂಬುದರಿಂದ 'ಖಂಡಿತ ಒಪ್ಪುವುದಿಲ್ಲ' ಎಂಬುದರವರೆಗೆ ಐದು ಮೆಟ್ಟಿಲು ಕೊಡುವುದು, ಮೆಟ್ಟಿಲಿಗೊಂದು ಅಂಕ. ಓದುಬರಹ ಕಡಿಮೆ ಇದ್ದವರಿಗಾಗಿ ನಗುವ ಮುಖದಿಂದ ಸಿಂಡರಿಸಿದ ಮುಖದವರೆಗೆ ಚಿತ್ರಗಳನ್ನೇ ಇಟ್ಟು ಗುರುತು ಹಾಕಿಸುವ ವಿಧಾನವನ್ನು 1955ರಲ್ಲಿ ಕುನಿನ್ ಎಂಬವರು ಪ್ರಕಟಿಸಿದರು.

ಮಾರಾಟಗಾರರಿಗೇ ಎಂದು ಮಾಡಿದ ಅಳತೆ 1974ರಲ್ಲಿ ಬಂದಿತು. ಚರ್ಚಿಲ್, ಫೋರ್ಡ್, ವಾಕರ್ ಎಂಬ ಮೂವರು ಅದನ್ನು ಸಿದ್ಧಪಡಿಸಿದರು (ಈ ಚರ್ಚಿಲ್ ಯುದ್ಧಕಾಲದ ಪ್ರಧಾನಿಯಲ್ಲ). 'ಇಂಡ್‌ಸೇಲ್ಸ್' ಎಂದು ಅದರ ಹೆಸರು. ಅದರಲ್ಲಿ 95 ವಾಕ್ಯಗಳು, ಏಳು ಮುಖಗಳು. ಅವರ ಮುಖ್ಯ ವಾದವಿಷ್ಟೇ: ಕಾರ್ಖಾನೆಯ ಕೆಲಸಗಾರನಿಗೆ ಮಾಡಿದ ಪ್ರಶ್ನೆಪತ್ರ ಮಾರಾಟಗಾರನಿಗೆ ಸಾಲದು. ಏಕೆಂದರೆ ಮಾರಾಟಗಾರ ಹೆಚ್ಚು ಹೊತ್ತು ಕಳೆಯುವುದು ತನ್ನ ಮೇಲಧಿಕಾರಿಯಿಂದ ದೂರ, ಸಂಸ್ಥೆಗೆ ಸೇರದ ಗಿರಾಕಿಗಳ ನಡುವೆ.

ಏಳು ಮುಖಗಳು

ಆ 95 ವಾಕ್ಯಗಳನ್ನು ನಾವು ಎರವಲು ತರಬೇಕಾಗಿಲ್ಲ. ಏಳು ಮುಖಗಳನ್ನು ಮಾತ್ರ ಹಿಡಿದು, ನಮ್ಮ ಸಂಘಗಳಿಗೆ ಹೊಂದುವ ವಾಕ್ಯಗಳನ್ನು ನಾವೇ ಬರೆದಿದ್ದೇವೆ. ಮಾದರಿಗೆ ಕೆಲವು:

1. ಕೆಲಸ: "ನಾನು ಮಾಡುವ ಕೆಲಸದ ಬಗ್ಗೆ ನನ್ನ ಮಕ್ಕಳೆದುರು ಹೆಮ್ಮೆಯಿಂದ ಹೇಳಬಲ್ಲೆ." ಅಡಿಕೆ ಮಾರುವವರಿಗೆ ಈ ವಾಕ್ಯ ಇಂದು ಸುಲಭವಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಗಿರಾಕಿಗಳು, ನೆಂಟರು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರೇ. ಅವರ ಮನಸ್ಸಿನಲ್ಲಿರುವುದನ್ನು ಕೇಳಲು ನಾವು ಅಂಜಬಾರದು.

2. ಜೊತೆ ಕೆಲಸಗಾರರು: "ಉಗ್ರಾಣದವರೂ ಲೆಕ್ಕಪತ್ರದವರೂ ನನ್ನ ಅವಸರವನ್ನು ಅರಿತು ನೆರವಾಗುತ್ತಾರೆ."

3. ಮೇಲ್ವಿಚಾರಣೆ: "ಮಾರಾಟ ಕಡಿಮೆಯಾದಾಗ ಗದರುವ ಮೊದಲು ಕಾರಣ ಕೇಳುತ್ತಾರೆ."

4. ಸಂಘದ ನೀತಿ ಮತ್ತು ಬೆಂಬಲ: "ನಾನು ಬರೆದ ದೂರಿಗೆ ಉತ್ತರ ಬರುತ್ತದೆ." "ದರ ಬದಲಾದರೆ ಗಿರಾಕಿಗಿಂತ ಮೊದಲು ನನಗೆ ತಿಳಿಸುತ್ತಾರೆ."

5. ಸಂಬಳ: "ಪ್ರಯಾಣದ ಖರ್ಚನ್ನು ನನ್ನ ಕೈಯಿಂದ ಹಾಕಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ." ಇದು ಉಲ್ಟಾ ವಾಕ್ಯ, ಒಪ್ಪಿದರೆ ಅತೃಪ್ತಿ.

6. ಬಡ್ತಿ: "ಇನ್ನು ಐದು ವರ್ಷಗಳಲ್ಲಿ ನಾನು ಈ ಸಂಘದಲ್ಲಿ ಎಲ್ಲಿರಬಹುದೆಂದು ನನಗೆ ತಿಳಿದಿದೆ."

7. ಗಿರಾಕಿಗಳು: "ನಾನು ಹೇಳಿದ ದರ್ಜೆಗೂ ಹೋದ ಮಾಲಿಗೂ ತಾಳೆಯಾಗುವುದರಿಂದ ಗಿರಾಕಿ ನನ್ನ ಮಾತನ್ನು ನಂಬುತ್ತಾನೆ."

ಕಾಫಿ ಪುಡಿಯ ಮಳಿಗೆಗಳಲ್ಲಿ ಅನೇಕ ಕಡೆ ಹೆಣ್ಣುಮಕ್ಕಳು ಮಾರಾಟಕ್ಕಿದ್ದಾರೆ. ಅವರಿಗಾಗಿ ಇನ್ನೆರಡು ವಾಕ್ಯಗಳನ್ನು ಸೇರಿಸಬೇಕು: ಗಿರಾಕಿಗಳಿಲ್ಲದಾಗ ಕುಳಿತುಕೊಳ್ಳಲು ಅನುಕೂಲವಿದೆಯೇ, ಶೌಚಾಲಯ ಹತ್ತಿರದಲ್ಲಿದೆಯೇ ಎಂದು. ಇವು ಸಣ್ಣ ಪ್ರಶ್ನೆಗಳಾಗಿ ಕಾಣುವುದು ಕಚೇರಿಯಲ್ಲಿ ಕುರ್ಚಿಯ ಮೇಲೆ ಕುಳಿತವರಿಗೆ ಮಾತ್ರ.

ಒಂದೊಂದು ಮುಖಕ್ಕೆ ಮೂರು ವಾಕ್ಯಗಳಿರಲಿ. ಒಂದೇ ಸಾಲದೇ ಎಂದು ಕೇಳಬಹುದು. ಮಾಲು ಕೊಳ್ಳುವಾಗ ಒಂದೇ ಚೀಲದಿಂದ ಮಾದರಿ ತೆಗೆದು ಇಡೀ ಲಾಟಿಗೆ ದರ ಕಟ್ಟುವುದುಂಟೇ? ಮೂರು ನಾಲ್ಕು ಚೀಲಕ್ಕೆ ಕೊಳವೆ ಚುಚ್ಚಿ ನೋಡುತ್ತೇವಲ್ಲವೇ. ಹಾಗೆಯೇ ಇದು. ಮೂರರಲ್ಲಿ ಒಂದು ಉಲ್ಟಾ ವಾಕ್ಯವಿದ್ದರೆ ಓದದೆ ಒಂದೇ ಸಾಲಿಗೆ ಗುರುತು ಹಾಕುತ್ತಾ ಹೋದವರು ಗೊತ್ತಾಗುತ್ತಾರೆ. ಏಳು ಮುಖಕ್ಕೆ ಮೂರರಂತೆ 21 ವಾಕ್ಯ. ಅರ್ಧ ಗಂಟೆಯ ಕೆಲಸ. ಕೊನೆಗೆ ಒಂದು ಖಾಲಿ ಜಾಗ: 'ನೀವು ಅಧ್ಯಕ್ಷರಾದರೆ ಮೊದಲು ಏನನ್ನು ಬದಲಾಯಿಸುತ್ತೀರಿ?'

ನಡೆಸುವ ಕ್ರಮ

ಇಲ್ಲಿ ಎಡವಿದರೆ ಉಳಿದದ್ದೆಲ್ಲ ವ್ಯರ್ಥ. ಕಾರ್ಯದರ್ಶಿಯವರು ತಮ್ಮ ಕೋಣೆಗೆ ಕರೆಸಿ, 'ಏನಪ್ಪ, ತೃಪ್ತಿಯಾಗಿದ್ದೀಯಾ?' ಎಂದರೆ ಎಲ್ಲರೂ 'ಹೌದು ಸಾರ್' ಎನ್ನುವವರೇ. ಅದು ಅಳತೆಯಲ್ಲ, ಉಪಚಾರ.

ಮೊದಲನೆಯದಾಗಿ ಹೆಸರು ಬರೆಸಕೂಡದು. ದೊಡ್ಡ ಕಂಪನಿಯಲ್ಲಿ ಹೆಸರು ಬಿಟ್ಟರೆ ಸಾಕು, ನಮ್ಮಲ್ಲಿ ಸಾಲದು. ಆರು ಜನ ಮಾರಾಟಗಾರರಿರುವ ಸಂಘದಲ್ಲಿ ವಯಸ್ಸು, ಸೇವೆಯ ವರ್ಷ, ಡಿಪೋದ ಊರು ಬರೆಸಿದರೆ ಹೆಸರು ಬರೆಸಿದಂತೆಯೇ ಆಯಿತು. ಕೈಬರಹದಿಂದಲೂ ಆಸಾಮಿ ತಿಳಿಯುತ್ತದೆ. ಆದುದರಿಂದ ಗುರುತು ಮಾತ್ರ ಹಾಕಿಸಬೇಕು. ಖಾಲಿ ಜಾಗದ ಉತ್ತರಗಳನ್ನು ಬೇರೊಬ್ಬರು ಒಂದೇ ಹಾಳೆಗೆ ನಕಲು ಮಾಡಬೇಕು. ಮೊಬೈಲಿನಲ್ಲಿ ಕಳುಹಿಸಿದರೆ ನಂಬರು ಕಾಣುತ್ತದೆಂಬ ಭಯವಿರುವುದರಿಂದ ಕಾಗದವೇ ಲೇಸು.

ಎರಡನೆಯದಾಗಿ, ತುಂಬಿದ ಹಾಳೆಗಳು ಸಂಘದ ಕಚೇರಿಗೆ ಬರಬಾರದು. ಊರಿನ ನಿವೃತ್ತ ಉಪಾಧ್ಯಾಯರೋ, ಹತ್ತಿರದ ಕಾಲೇಜಿನ ವಾಣಿಜ್ಯ ವಿಭಾಗದವರೋ ಅವನ್ನು ಪಡೆದು, ಕೂಡಿಸಿ, ಮೊತ್ತವನ್ನಷ್ಟೇ ಮಂಡಳಿಗೆ ಕೊಡಲಿ. ಐದು ಜನಕ್ಕಿಂತ ಕಡಿಮೆ ಇರುವ ಗುಂಪಿನ ಅಂಕಗಳನ್ನು ಬೇರೆಯಾಗಿ ತೋರಿಸಬಾರದು. ಇಡೀ ಸಂಘದಲ್ಲೇ ಐವರಿಲ್ಲದಿದ್ದರೆ ಅಕ್ಕಪಕ್ಕದ ಎರಡು ಮೂರು ಸಂಘಗಳು ಸೇರಿ ನಡೆಸಬಹುದು. ಸಹಕಾರವೆಂದರೆ ಅದೇ ತಾನೆ.

ಮೂರನೆಯದಾಗಿ, ಕಾಲ. ಬೋನಸ್ ಕೊಟ್ಟ ಮರುವಾರ ಕೇಳಿದರೆ ಎಲ್ಲರೂ ಸಂತುಷ್ಟರೇ. ಮಾಲು ಮುಗಿಬೀಳುವ ದಿನಗಳಲ್ಲಿ ಕೇಳಿದರೆ ಎಲ್ಲರೂ ರೇಗುತ್ತಾರೆ. ಎರಡೂ ಅಲ್ಲದ ಒಂದು ತಿಂಗಳನ್ನು ಗೊತ್ತುಮಾಡಿ ಪ್ರತಿ ವರ್ಷ ಅದೇ ತಿಂಗಳಲ್ಲಿ, ಅದೇ ವಾಕ್ಯಗಳಿಂದ ಕೇಳಬೇಕು. ನಮ್ಮ ಮನೆಗಳ ಮುಂದೆ ಮಳೆಮಾಪಕ ಇಟ್ಟಿದ್ದೇವಲ್ಲ, ಅದರಂತೆ. ಒಂದು ದಿನದ ಇಂಚಿನಿಂದ ಏನೂ ತಿಳಿಯದು. ವರ್ಷವರ್ಷದ ಪುಸ್ತಕ ತೆರೆದು ನೋಡಿದಾಗಲೇ ಕಥೆ ತಿಳಿಯುವುದು.

ಅಂಕಗಳನ್ನು ಓದುವ ರೀತಿ

ಪ್ರತಿ ವಾಕ್ಯಕ್ಕೆ 1ರಿಂದ 5 ಅಂಕ. ಉಲ್ಟಾ ವಾಕ್ಯಕ್ಕೆ 6ರಿಂದ ಕಳೆಯಬೇಕು. 5 ಬಂದಿದ್ದರೆ 1, 4 ಬಂದಿದ್ದರೆ 2. ಹೀಗೆ ಒಂದು ಮುಖಕ್ಕೆ ಒಬ್ಬರಿಂದ ಕನಿಷ್ಠ 3, ಹೆಚ್ಚೆಂದರೆ 15, ನಡುಮಟ್ಟ 9.

ಸರಾಸರಿಯನ್ನು ನಂಬಿ ಕೆಟ್ಟವರುಂಟು. ಲೆಕ್ಕ ತಿಳಿಯಲೆಂದು ನಾವೇ ಮಾಡಿದ ಒಂದು ಉದಾಹರಣೆ ನೋಡಿ. 'ಸಂಘದ ಬೆಂಬಲ' ಎಂಬ ಮುಖಕ್ಕೆ ಒಂದು ಸಂಘದ ಆರು ಜನರ ಅಂಕಗಳು 9, 9, 8, 10, 9, 9 ಎಂದಿರಲಿ. ಮೊತ್ತ 54, ಸರಾಸರಿ 9. ಇನ್ನೊಂದು ಸಂಘದಲ್ಲಿ 4, 5, 5, 13, 14, 13 ಎಂದಿರಲಿ. ಮೊತ್ತ 54, ಸರಾಸರಿ ಅದೇ 9. ಮೊದಲ ಸಂಘದಲ್ಲಿ ಎಲ್ಲರೂ ಹಾಗೂ ಹೀಗೂ ಇದ್ದಾರೆ. ಎರಡನೆಯದರಲ್ಲಿ ಮೂವರು ಸುಖವಾಗಿದ್ದಾರೆ, ಮೂವರು ಹೊರಡಲು ಸಿದ್ಧರಾಗಿದ್ದಾರೆ. ಬಹುಶಃ ಕಚೇರಿಯ ಹತ್ತಿರದವರಿಗೆ ಬೆಂಬಲ ಸಿಗುತ್ತಿದೆ, ದೂರದ ಡಿಪೋದವರಿಗೆ ಇಲ್ಲ. ಆದುದರಿಂದ ಸರಾಸರಿಯ ಜೊತೆಗೆ ಅತಿ ಕಡಿಮೆ, ಅತಿ ಹೆಚ್ಚು ಎಷ್ಟೆಂದು ನೋಡಲೇಬೇಕು.

ಹಾಗೆಯೇ ಏಳೂ ಮುಖಗಳನ್ನು ಕೂಡಿಸಿ ಒಂದೇ ಅಂಕೆ ಮಾಡುವುದೂ ತರವಲ್ಲ. ಪಾರ್ಚ್‌ಮೆಂಟನ್ನೂ ಚೆರಿಯನ್ನೂ ಒಂದೇ ರಾಶಿಗೆ ಸುರಿದು ದರ ಕೇಳಿದಂತಾಗುತ್ತದೆ. ಯಾವ ಮುಖ ಕೆಳಗಿದೆ ಎಂಬುದೇ ನಮಗೆ ಬೇಕಾದದ್ದು.

ಏನನ್ನು ನಿರೀಕ್ಷಿಸಬೇಕು, ಏನನ್ನು ಬಾರದು

ಇಷ್ಟೆಲ್ಲ ಮಾಡಿದರೆ ಮಾರಾಟ ಎಷ್ಟು ಏರುತ್ತದೆ ಎಂದು ಸದಸ್ಯರು ಕೇಳುವುದು ಸಹಜ. ಇಲ್ಲಿ ಸತ್ಯವನ್ನು ಹೇಳಿಬಿಡುವುದು ಒಳ್ಳೆಯದು. ತೃಪ್ತಿಗೂ ಕೆಲಸದ ಪ್ರಮಾಣಕ್ಕೂ ಇರುವ ನಂಟನ್ನು ವಿದ್ವಾಂಸರು ಬಹಳ ಹುಡುಕಿದ್ದಾರೆ. ನಂಟೇ ಇಲ್ಲದಿದ್ದರೆ 0, ಎರಡೂ ಒಂದೇ ನೊಗಕ್ಕೆ ಕಟ್ಟಿದಂತೆ ಕೂಡಿಯೇ ನಡೆದರೆ 1 ಎಂದು ಅದನ್ನು ಸೂಚಿಸುತ್ತಾರೆ. 1985ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಬಂದದ್ದು 0.17ರಷ್ಟು. 2001ರಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರ ವಿವರಗಳನ್ನು ಇನ್ನಷ್ಟು ಎಚ್ಚರದಿಂದ ಲೆಕ್ಕ ಹಾಕಿದಾಗ 0.30ರಷ್ಟು. ನಂಟು ಉಂಟು, ಗಟ್ಟಿಯಾದದ್ದಲ್ಲ. ತೃಪ್ತನಾದವನೆಲ್ಲ ಹೆಚ್ಚು ಮಾರುತ್ತಾನೆಂದಿಲ್ಲ. ಬೇಸತ್ತವನೂ ಮನೆಯ ಜವಾಬ್ದಾರಿಗಾಗಿ ಚೆನ್ನಾಗಿ ಮಾರುತ್ತಿರಬಹುದು. ಆ ರಾಜೀನಾಮೆಯ ಪ್ರಸಂಗದಲ್ಲಿ ಪುಸ್ತಕ ಮೋಸಮಾಡಿದ್ದು ಹೀಗೆ.

ಆದರೆ ಅತೃಪ್ತಿಗೂ ಕೆಲಸ ಬಿಟ್ಟುಹೋಗುವುದಕ್ಕೂ ಸಂಬಂಧವಿದೆಯೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನಮ್ಮಂಥ ಸಂಘಗಳಿಗೆ ಮುಖ್ಯವಾದದ್ದು ಇದೇ. ಮಳೆಮಾಪಕ ಮಳೆ ತರುವುದಿಲ್ಲ. ಚರಂಡಿ ಯಾವಾಗ ಬಿಡಿಸಬೇಕು, ಔಷಧ ಯಾವಾಗ ಸಿಂಪಡಿಸಬೇಕು ಎಂದು ತೀರ್ಮಾನಿಸಲು ನೆರವಾಗುತ್ತದೆ, ಅಷ್ಟೆ.

ಸಂಬಳ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಭಾವನೆಯೂ ಸರಿಯಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಜೊತೆಗಾರರು ಪಿಟ್ಸ್‌ಬರ್ಗಿನ 203 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ವಿಚಾರಿಸಿ 1959ರಲ್ಲಿ ಹೇಳಿದ್ದು: ಸಂಬಳ, ಕೆಲಸದ ಸ್ಥಳ, ಆಡಳಿತದ ರೀತಿ ಕೆಟ್ಟರೆ ಅತೃಪ್ತಿ ಬರುತ್ತದೆ; ಅವು ಸರಿಯಿದ್ದ ಮಾತ್ರಕ್ಕೆ ತೃಪ್ತಿ ಬಾರದು; ತೃಪ್ತಿ ಬರುವುದು ಸಾಧನೆ, ಮನ್ನಣೆ, ಜವಾಬ್ದಾರಿಗಳಿಂದ. ಈ ವಾದವನ್ನು ಆಮೇಲೆ ಹಲವರು ಪ್ರಶ್ನಿಸಿದ್ದಾರೆ. ಸಾಲದ ಸಂಬಳಕ್ಕೆ ಮೆಚ್ಚುಗೆಯ ಮಾತು ಬದಲಿಯೂ ಆಗಲಾರದು. ಆದರೂ ಬರೆದ ಕಾಗದಕ್ಕೆ ಉತ್ತರ ಕೊಡಲು ಖರ್ಚೇನೂ ಇಲ್ಲವೆಂಬುದನ್ನು ನಾವು ಒಪ್ಪಲೇಬೇಕು.

ಇನ್ನೊಂದು ಎಚ್ಚರಿಕೆ. ಕೇಳಿ ಸುಮ್ಮನಿರುವುದಕ್ಕಿಂತ ಕೇಳದಿರುವುದೇ ಮೇಲು. ಹಾಳೆ ತುಂಬಿಸಿದ ಒಂದು ತಿಂಗಳೊಳಗೆ ಫಲಿತಾಂಶವನ್ನು ಮಾರಾಟಗಾರರ ಮುಂದೆಯೇ ಓದಬೇಕು. ಅತಿ ಕೆಳಗಿನ ಮುಖದಲ್ಲಿ ಒಂದನ್ನಾದರೂ ಆ ವರ್ಷ ಸರಿಪಡಿಸಬೇಕು. ಆಗದ್ದನ್ನು ಏಕೆ ಆಗದೆಂದು ಹೇಳಬೇಕು. ಯಾರು ಹೀಗೆ ಬರೆದವರು ಎಂದು ಹುಡುಕತೊಡಗಿದರಂತೂ ಮುಂದಿನ ವರ್ಷ ಎಲ್ಲ ಹಾಳೆಗಳಲ್ಲೂ ಐದಕ್ಕೆ ಐದು ಬರುತ್ತದೆ. ಅಲ್ಲಿಗೆ ಆ ಕೆಲಸ ಮುಗಿದಂತೆ.

ನಮ್ಮ ಪಾಲು

ಈವರೆಗೆ ಆಡಳಿತ ಮಂಡಳಿಯ ಕರ್ತವ್ಯ ಹೇಳಿದೆವು. ಸದಸ್ಯರಾದ ನಮ್ಮದೇನು? ಏಳು ಮುಖಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಗಿರಾಕಿ ಮಾರಾಟಗಾರನ ಮಾತನ್ನು ನಂಬುವುದು ಬಿಡುವುದು ಯಾರ ಕೈಯಲ್ಲಿದೆ? ಮಾದರಿಗೆ ಒಳ್ಳೆಯ ರಾಶಿ ಕೊಟ್ಟು ಚೀಲದ ಅಡಿಗೆ ಗೊರಬಲು ಸೇರಿಸುವವರು ಯಾರು? ಹೊಸದರಲ್ಲಿ ಹಳೆಯದನ್ನು ಬೆರೆಸುವವರು, ಮೋಡದ ದಿನ ಇನ್ನೆರಡು ಬಿಸಿಲು ಕಾಯದೆ ಕಾಫಿಯನ್ನು ತುಂಬಿ ಕಳುಹಿಸುವವರು ಯಾರು? ಆ ಚೀಲ ದೂರದ ಗೋದಾಮಿನಲ್ಲಿ ಬಿಚ್ಚಿದಾಗ ಬೈಗುಳ ಕೇಳುವವರು ನಾವಲ್ಲ. ನಮ್ಮ ಹೆಸರನ್ನೂ ಹೇಳಲಾಗದೆ ನಿಂತ ಆ ನೌಕರ.

ದಿನಕ್ಕೆ ನಾಲ್ಕು ಸಲ ಫೋನು ಮಾಡಿ 'ಇವತ್ತು ರೇಟು ಎಷ್ಟಾಯಿತು' ಎನ್ನುವವರೂ ನಾವೇ. ರೇಟು ಇಳಿದರೆ ಅವನೇ ಇಳಿಸಿದನೆಂಬಂತೆ ಮಾತನಾಡುವುದೂ ಉಂಟು. ಏರಿದಾಗ ಅವನನ್ನು ನೆನೆಯುವುದಿಲ್ಲ. ಈ ಅಳತೆಯನ್ನು ನಿಜವಾಗಿ ನಡೆಸಿದರೆ ಕೆಳಗಿನ ಅಂಕ ಬೀಳುವುದು ಮಂಡಳಿಯ ಮೇಲೆ ಮಾತ್ರವಲ್ಲ, ನಮ್ಮ ಕಣದ ಮೇಲೂ ಬೀಳಬಹುದು. ಅದಕ್ಕೆ ನಾವು ಸಿದ್ಧರಿರಬೇಕು.

ಬರುವ ಮಹಾಸಭೆಯಲ್ಲಿ ಇದನ್ನು ಒಂದು ವಿಷಯವಾಗಿ ಎತ್ತಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ. ಖರ್ಚು ಕೆಲವು ಹಾಳೆ ಕಾಗದ, ಒಬ್ಬರು ಹೊರಗಿನವರ ಅರ್ಧ ದಿನದ ಶ್ರಮ. ಅಷ್ಟರವರೆಗೆ ಪ್ರತಿಯೊಬ್ಬರೂ ಮಾಡಬಹುದಾದ ಒಂದು ಕೆಲಸವುಂಟು. ಮುಂದಿನ ಸಲ ಡಿಪೋಗೆ ಫೋನು ಮಾಡಿದಾಗ ರೇಟು ಕೇಳುವ ಮೊದಲು ಆ ಕಡೆಯವರ ಯೋಗಕ್ಷೇಮ ಕೇಳಿ, ಕಳೆದ ಬಾರಿಯ ನಮ್ಮ ಮಾಲು ಹೇಗಿತ್ತೆಂದು ವಿಚಾರಿಸಿ. ಸಿದ್ದಾಪುರದ ಬಂಡೆಯ ಮೇಲೆ ಸಾಮ್ರಾಜ್ಯದ ಆಳುವವರೇ ಆ ಕ್ರಮವನ್ನು ಪಾಲಿಸಿದ್ದಾರೆ. ನಾಲ್ಕು ಎಕರೆ ತೋಟದ ನಮಗೆ ಅದು ಕಷ್ಟವಾಗಬಾರದು.